ನಿಯಮ ಬಿಗಿಯಾದರೆ ಬ್ಯಾಂಕು ಸೊರಗುತ್ತದೆಯೇ?

ಸಂಜೆಓದು

ಎಲ್ಲರಿಗೂ ನಮಸ್ಕಾರ. ಎಂ.ಕಾಂ. ಕೊನೆಯ ವರ್ಷದ ಪ್ರಬಂಧಕ್ಕೆ ಸರ್ಕಾರದ ನಿಯಂತ್ರಣ ಮತ್ತು ವಾಣಿಜ್ಯ ಬ್ಯಾಂಕುಗಳ ಸಾಧನೆ ಎಂಬ ವಿಷಯ ತೆಗೆದುಕೊಂಡಿದ್ದೇನೆ. ಎರಡು ತಿಂಗಳಿಂದ ಓದುತ್ತಿದ್ದೇನೆ, ಓದಿದಷ್ಟೂ ಗೊಂದಲ. ಬಂಡವಾಳದ ನಿಯಮ ಬಿಗಿಯಾದರೆ ಲಾಭ ಇಳಿಯುತ್ತದೆ ಎಂದು ಒಂದು ಲೇಖನ ಹೇಳುತ್ತದೆ. ಬಂಡವಾಳ ಹೆಚ್ಚಿದ್ದ ಬ್ಯಾಂಕುಗಳೇ ಹೆಚ್ಚು ಲಾಭ ಮಾಡಿವೆ ಎಂದು ಇನ್ನೊಂದು. ಇಬ್ಬರ ಬಳಿಯೂ ಅಂಕಿಅಂಶ ಇದೆ, ಇಬ್ಬರ ಲೆಕ್ಕದಲ್ಲೂ ನನಗೆ ತಪ್ಪು ಸಿಗಲಿಲ್ಲ.

ಸಾಧನೆಗೆ ಸದ್ಯ ನಾನು ಇಟ್ಟುಕೊಂಡಿರುವ ಅಳತೆ ಷೇರುದಾರರ ಬಂಡವಾಳದ ಮೇಲಿನ ಪ್ರತಿಫಲ, ಅಂದರೆ ಆರ್‌ಒಇ. ನಿಯಂತ್ರಣದ ಕಡೆಯಿಂದ ಬಂಡವಾಳ ಅನುಪಾತ (ಕೊಟ್ಟ ಸಾಲಕ್ಕೆ ಹೋಲಿಸಿದರೆ ಬ್ಯಾಂಕಿನ ಸ್ವಂತ ಹಣ ಎಷ್ಟು), ನಗದು ಮೀಸಲು ಅನುಪಾತ (ಠೇವಣಿಯಲ್ಲಿ ಕೇಂದ್ರ ಬ್ಯಾಂಕಿನಲ್ಲಿ ಇಡಬೇಕಾದ ಪಾಲು), ಬಡ್ಡಿದರದ ಮಿತಿ ಈ ಮೂರನ್ನು ಹಾಕಿದ್ದೇನೆ. ಬ್ಯಾಂಕಿನ ಒಳಗೆ ದುಡಿದವರು ಇಲ್ಲಿ ಹಲವರಿದ್ದೀರಿ. ನಿಯಮ ಬಂದಾಗ ಬ್ಯಾಂಕಿನಲ್ಲಿ ನಿಜವಾಗಿ ಏನಾಗುತ್ತದೆ, ದಯವಿಟ್ಟು ಹೇಳಿ.

ಮೂಲಧನ

ಮೊದಲ ಕೆಲಸ, ಆರ್‌ಒಇ ಒಂದನ್ನೇ ನಂಬುವುದು ಬಿಡಿ. ಕಾರಣ ಒಂದು ಚಿಕ್ಕ ಲೆಕ್ಕದಲ್ಲಿದೆ.

ಎರಡು ಬ್ಯಾಂಕುಗಳು. ಎರಡೂ ತಲಾ 100 ಸಾಲ ಕೊಟ್ಟಿವೆ, ಎರಡಕ್ಕೂ ವರ್ಷದ ಕೊನೆಗೆ ನಿವ್ವಳ ಲಾಭ 1. ಮೊದಲನೆಯದರ ಸ್ವಂತ ಬಂಡವಾಳ 5, ಉಳಿದ 95 ಠೇವಣಿದಾರರ ಹಣ. ಎರಡನೆಯದರ ಸ್ವಂತ ಬಂಡವಾಳ 10. ಮೊದಲನೆಯದರ ಆರ್‌ಒಇ ಶೇ 20, ಎರಡನೆಯದರದ್ದು ಶೇ 10. ನಿಮ್ಮ ಪಟ್ಟಿಯಲ್ಲಿ ಮೊದಲನೆಯದು ಎರಡರಷ್ಟು ಚೆನ್ನಾಗಿ ನಡೆಯುತ್ತಿರುವ ಬ್ಯಾಂಕು ಎಂದು ದಾಖಲಾಗುತ್ತದೆ. ಸಾಲ ಕೊಡುವ ಜಾಣ್ಮೆಯಲ್ಲಿ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

ಈಗ ಕೊಟ್ಟ ಸಾಲದಲ್ಲಿ 6 ಮುಳುಗಿತು ಅಂದುಕೊಳ್ಳಿ. ಮೊದಲನೆಯದರ ಬಂಡವಾಳ ಪೂರ್ತಿ ಹೋಗಿ ಠೇವಣಿದಾರರ ಹಣಕ್ಕೂ ಕೈ ಬಿತ್ತು. ಎರಡನೆಯದರ ಬಳಿ ಇನ್ನೂ 4 ಇದೆ, ಮರುದಿನ ಬೆಳಿಗ್ಗೆ ಎಂದಿನಂತೆ ಬಾಗಿಲು ತೆಗೆಯುತ್ತದೆ.

ಹಾಗಾಗಿ ಬಂಡವಾಳದ ನಿಯಮದಿಂದ ಆರ್‌ಒಇ ಇಳಿಯಿತು ಎಂದು ಯಾರಾದರೂ ತೋರಿಸಿದರೆ ಅವರು ಭಾಗಾಕಾರದ ಕೆಳಗಿನ ಸಂಖ್ಯೆ ದೊಡ್ಡದಾಯಿತು ಎಂಬುದನ್ನಷ್ಟೇ ತೋರಿಸಿದ್ದಾರೆ. ಕೊಟ್ಟ ಸಾಲ, ಕೊಂಡ ಬಾಂಡು ಎಲ್ಲ ಸೇರಿದ ಒಟ್ಟು ಆಸ್ತಿಯ ಮೇಲಿನ ಪ್ರತಿಫಲ (ಆರ್‌ಒಎ) ಇಟ್ಟುಕೊಳ್ಳಿ. ಅದರ ಜೊತೆಗೆ ಸಾಲ ನಷ್ಟವನ್ನೂ ಕೆಟ್ಟ ವರ್ಷಗಳನ್ನೂ ಸೇರಿಸಿ. ಒಳ್ಳೆಯ ವರ್ಷಗಳನ್ನೇ ನೋಡಿದರೆ ಕಡಿಮೆ ಬಂಡವಾಳದ ಬ್ಯಾಂಕು ಯಾವಾಗಲೂ ಗೆಲ್ಲುತ್ತದೆ.

ಹಳೆಲೆಡ್ಜರ್

ಮೂಲಧನ ಅವರ ಲೆಕ್ಕ ಒಪ್ಪುತ್ತೇನೆ. ಆದರೆ ಕಾಗದದ ಮೇಲಿನ ಆ ಬ್ಯಾಂಕಿನಲ್ಲಿ ಸಿಬ್ಬಂದಿ ಇಲ್ಲ. ನಾನು ಮೂವತ್ತು ವರ್ಷ ಶಾಖೆಗಳಲ್ಲೂ ಸಾಲ ವಿಭಾಗದಲ್ಲೂ ದುಡಿದು ನಿವೃತ್ತನಾದವನು. ನಿಯಮಗಳಿಗೆ ಬೆಲೆ ಇದೆ, ಆ ಬೆಲೆ ಕೊಟ್ಟವರಿಗೆ ಅದು ಗೊತ್ತು.

ನಾನು ಸೇರಿದಾಗ ಸಾಲದ ಅರ್ಜಿ ಬಂದರೆ ಅಧಿಕಾರಿ ಎದ್ದು ಹೋಗಿ ಆ ವ್ಯಾಪಾರ ನೋಡಿ ಬರುತ್ತಿದ್ದ. ಸರಕು ಎಷ್ಟಿದೆ, ಯಾರು ಬಂದು ಹೋಗುತ್ತಾರೆ, ಮಾಲೀಕ ಪ್ರಶ್ನೆಗೆ ನೇರ ಉತ್ತರ ಕೊಡುತ್ತಾನೋ ಇಲ್ಲವೋ, ಎಲ್ಲ ತಿಳಿಯುತ್ತಿತ್ತು. ನಾನು ಬಿಡುವ ಹೊತ್ತಿಗೆ ಅದೇ ಅಧಿಕಾರಿ ದಿನದ ಬಹುಪಾಲು ತಖ್ತೆ ತುಂಬುವುದರಲ್ಲಿ ಕಳೆಯುತ್ತಿದ್ದ. ಒಂದೇ ಮಾಹಿತಿ ನಾಲ್ಕು ನಮೂನೆಯಲ್ಲಿ ನಾಲ್ಕು ಕಡೆ ಹೋಗಬೇಕು. ಸಾಲ ಕೆಟ್ಟರೂ ಕಡತ ಸರಿ ಇದ್ದರೆ ಅವನಿಗೆ ತೊಂದರೆಯಿಲ್ಲ, ಸಾಲ ಚೆನ್ನಾಗಿದ್ದು ಕಡತದಲ್ಲಿ ಒಂದು ಸಹಿ ತಪ್ಪಿದ್ದರೆ ವಿವರಣೆ ಕೇಳುವ ಪತ್ರ ಬರುತ್ತದೆ. ಇದರಿಂದ ಯಾವ ಬಗೆಯ ಅಧಿಕಾರಿ ತಯಾರಾಗುತ್ತಾನೆ ಯೋಚಿಸಿ. ಸಾಧನೆ ಅಂದರೆ ಸಾಲ ಅಳೆಯುವ ಕಣ್ಣು ಎಂದು ನಾನು ನಂಬಿದ್ದೇನೆ. ಆ ಕಣ್ಣು ಮಂಜಾದದ್ದು ನಿಮ್ಮ ಯಾವ ಅನುಪಾತದಲ್ಲೂ ಕಾಣುವುದಿಲ್ಲ.

ಪುಟ್ಟಬ್ಯಾಂಕು

ಹಳೆಲೆಡ್ಜರ್ ಸರ್ ಹೇಳಿದ್ದಕ್ಕೆ ನನ್ನದೂ ಒಂದು ಮಾತು. ನಾನು ಸಣ್ಣ ಬ್ಯಾಂಕೊಂದರ ಕಾಂಪ್ಲಯನ್ಸ್ ವಿಭಾಗದಲ್ಲಿದ್ದೇನೆ. ನಿಯಮ ಪಾಲನೆಯ ಖರ್ಚು ಬಹುಮಟ್ಟಿಗೆ ಸ್ಥಿರ ಖರ್ಚು. ಹಣ ಅಕ್ರಮ ವರ್ಗಾವಣೆ ಪತ್ತೆ ಮಾಡುವ ತಂತ್ರಾಂಶ, ವರದಿ ಕಳಿಸುವ ವ್ಯವಸ್ಥೆ, ಆಂತರಿಕ ಆಡಿಟ್, ಕಾನೂನು ಸಲಹೆ, ಇವೆಲ್ಲ ಬ್ಯಾಂಕು ಹತ್ತು ಪಟ್ಟು ದೊಡ್ಡದಾದರೆ ಹತ್ತು ಪಟ್ಟು ಹೆಚ್ಚುವುದಿಲ್ಲ. ದೊಡ್ಡ ಬ್ಯಾಂಕಿಗೆ ಅದು ಸಮುದ್ರದ ಒಂದು ಬಿಂದಿಗೆ. ನಮಗೆ ಅದೇ ಬಾವಿಯ ಅರ್ಧ ನೀರು.

ನಿಯಮ ಪುಸ್ತಕ ಎಷ್ಟು ದಪ್ಪವಾಗಿದೆ ಎಂಬುದಕ್ಕೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಆಂಡ್ರ್ಯೂ ಹಾಲ್ಡೇನ್ 2012ರ ಭಾಷಣವೊಂದರಲ್ಲಿ ಲೆಕ್ಕ ಕೊಟ್ಟಿದ್ದರು. ಬ್ಯಾಂಕುಗಳ ಬಂಡವಾಳದ ಬಗ್ಗೆ ದೇಶಗಳು ಮಾಡಿಕೊಂಡ ಬಾಸೆಲ್ ಒಪ್ಪಂದಗಳಲ್ಲಿ 1988ರ ಮೊದಲನೆಯದು 30 ಪುಟ, ಎರಡನೆಯದು 347, ಮೂರನೆಯದು 616. ಅಮೆರಿಕದಲ್ಲಿ 1933ರ ಗ್ಲಾಸ್-ಸ್ಟೀಗಲ್ ಕಾಯ್ದೆ 37 ಪುಟ, 2010ರ ಡಾಡ್-ಫ್ರಾಂಕ್ ಕಾಯ್ದೆ 848. ಮೂವತ್ತು ಪುಟವನ್ನು ಒಬ್ಬ ವ್ಯವಸ್ಥಾಪಕ ಓದಿ ಅರ್ಥ ಮಾಡಿಕೊಳ್ಳಬಹುದು. ಆರುನೂರು ಪುಟಕ್ಕೆ ಒಂದು ಇಲಾಖೆಯೇ ಬೇಕು. ಇಲಾಖೆ ಕಟ್ಟುವ ತಾಕತ್ತಿಲ್ಲದ ಸಣ್ಣ ಬ್ಯಾಂಕು ಕೊನೆಗೆ ದೊಡ್ಡದರಲ್ಲಿ ವಿಲೀನವಾಗುತ್ತದೆ. ಆಗ 'ಮುಳುಗಲು ಬಿಡಲಾಗದಷ್ಟು ದೊಡ್ಡ' ಬ್ಯಾಂಕು ಇನ್ನಷ್ಟು ದೊಡ್ಡದಾಗುತ್ತದೆ. ಯಾವ ಕಾಯಿಲೆಗೆ ಔಷಧ ಕೊಟ್ಟರೋ ಅದೇ ಕಾಯಿಲೆ ಬೆಳೆಯಿತು.

ತಕ್ಕಡಿ

ನಿಯಮ ಸಡಿಲಿಸಿದರೆ ಏನಾಗುತ್ತದೆ ಎಂಬುದಕ್ಕೆ ತಾಜಾ ಉದಾಹರಣೆ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್. ಇದನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯ ಎಳೆಗಳು ಬಹುಪಾಲು ಇದರಲ್ಲಿವೆ.

2018ರಲ್ಲಿ ಅಮೆರಿಕದ ಸಂಸತ್ತು ಕಠಿಣ ಮೇಲ್ವಿಚಾರಣೆಯ ಗಡಿಯನ್ನು 50 ಶತಕೋಟಿ ಡಾಲರ್ ಆಸ್ತಿಯಿಂದ 250 ಶತಕೋಟಿಗೆ ಏರಿಸಿತು. ಮಧ್ಯಮ ಗಾತ್ರದ ಬ್ಯಾಂಕುಗಳಿಗೆ ಹೊರೆ ಇಳಿಸಬೇಕು ಎಂಬುದು ವಾದ. ಸಿಲಿಕಾನ್ ವ್ಯಾಲಿ ಬ್ಯಾಂಕು 2022ರ ಕೊನೆಗೆ 209 ಶತಕೋಟಿ ಡಾಲರ್ ಮುಟ್ಟಿತ್ತು. 30 ದಿನಗಳ ಒತ್ತಡ ತಡೆಯುವಷ್ಟು ನಗದಾಗುವ ಆಸ್ತಿ ಇಟ್ಟಿರಬೇಕೆಂಬ ಎಲ್‌ಸಿಆರ್ ನಿಯಮ ಅದಕ್ಕೆ ಅನ್ವಯಿಸುತ್ತಿರಲಿಲ್ಲ.

ಬ್ಯಾಂಕು ತನ್ನ ಠೇವಣಿಯ ದೊಡ್ಡ ಭಾಗವನ್ನು ದೀರ್ಘಾವಧಿ ಬಾಂಡುಗಳಲ್ಲಿ ಹಾಕಿತ್ತು. ಅವು ಸರ್ಕಾರದ ಅಥವಾ ಸರ್ಕಾರದ ಬೆಂಬಲವಿದ್ದ ಬಾಂಡುಗಳು, ಹಣ ಬಾರದೇ ಹೋಗುವ ಭಯವಿಲ್ಲ. ಆದರೆ 2022ರ ಮಾರ್ಚ್‌ನಿಂದ ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿದರವನ್ನು ಹೆಚ್ಚುಕಡಿಮೆ ಸೊನ್ನೆಯಿಂದ ಒಂದೇ ವರ್ಷದಲ್ಲಿ ಶೇ 4.5ರ ಮೇಲಕ್ಕೆ ಒಯ್ದಿತು. ಬಡ್ಡಿ ಏರಿದರೆ ಹೆಚ್ಚು ಬಡ್ಡಿಯ ಹೊಸ ಬಾಂಡು ಸಿಗುವುದರಿಂದ ಹಳೆಯ ಬಾಂಡಿನ ಬೆಲೆ ಇಳಿಯುತ್ತದೆ. ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುತ್ತೇವೆ ಎಂದು ವರ್ಗೀಕರಿಸಿದ ಬಾಂಡುಗಳ ಮೇಲಿನ ನಷ್ಟ ಸುಮಾರು 15 ಶತಕೋಟಿ ಡಾಲರ್ ಆಗಿತ್ತು, ಬ್ಯಾಂಕಿನ ಸ್ವಂತ ಬಂಡವಾಳ ಸುಮಾರು 16 ಶತಕೋಟಿ. ಲೆಕ್ಕಪತ್ರದ ನಿಯಮದಂತೆ ಆ ನಷ್ಟ ಲಾಭ ನಷ್ಟದ ಪಟ್ಟಿಗೆ ಬರಲೇ ಇಲ್ಲ. ಅಡಿಟಿಪ್ಪಣಿಯಲ್ಲಿತ್ತು.

2023ರ ಮಾರ್ಚ್ 8ರಂದು ಬ್ಯಾಂಕು 21 ಶತಕೋಟಿ ಡಾಲರ್ ಬಾಂಡು ಮಾರಿ 1.8 ಶತಕೋಟಿ ನಷ್ಟ ಅನುಭವಿಸಿರುವುದಾಗಿ ಪ್ರಕಟಿಸಿತು. ಮಾರನೇ ದಿನ ಒಂದೇ ದಿನದಲ್ಲಿ 42 ಶತಕೋಟಿ ಡಾಲರ್ ಠೇವಣಿ ಹೊರಹೋಯಿತು. ಮಾರ್ಚ್ 10ಕ್ಕೆ ಬ್ಯಾಂಕು ಮುಚ್ಚಿತು. ಠೇವಣಿಯಲ್ಲಿ ಶೇ 90ಕ್ಕೂ ಹೆಚ್ಚು ಭಾಗ 2,50,000 ಡಾಲರ್ ವಿಮೆಯ ಮಿತಿ ಮೀರಿದ್ದರಿಂದ ಎಲ್ಲರಿಗೂ ಮೊದಲು ಓಡುವ ಆತುರ.

2021ರಲ್ಲಿ ನಿಮ್ಮ ಪಟ್ಟಿ ಮಾಡಿದ್ದರೆ ಈ ಬ್ಯಾಂಕು ಸಡಿಲ ನಿಯಮದಿಂದ ಲಾಭ ಪಡೆದ ಮಾದರಿ ಬ್ಯಾಂಕಾಗಿ ಕಾಣುತ್ತಿತ್ತು.

ಎರಡನೇಕಣ್ಣು

ತಕ್ಕಡಿ ಅವರೇ, ಸಡಿಲಿಕೆಯನ್ನೇ ಅಪರಾಧಿ ಮಾಡುವ ಮೊದಲು ಅದೇ ಪ್ರಕರಣದ ಇನ್ನೊಂದು ಸಂಗತಿ. ಅಮೆರಿಕದ ಕೇಂದ್ರ ಬ್ಯಾಂಕು 2023ರ ಏಪ್ರಿಲ್‌ನಲ್ಲಿ ತನ್ನದೇ ಲೋಪಗಳ ಬಗ್ಗೆ ವರದಿ ಪ್ರಕಟಿಸಿತು. ಅದರ ಪ್ರಕಾರ ಬ್ಯಾಂಕು ಮುಳುಗುವ ಹೊತ್ತಿಗೆ ಮೇಲ್ವಿಚಾರಕರು ಎತ್ತಿದ್ದ 31 ಆಕ್ಷೇಪಗಳು ಇತ್ಯರ್ಥವಾಗದೆ ಬಿದ್ದಿದ್ದವು. ಅಂದರೆ ತಪ್ಪು ಕಂಡಿತ್ತು, ಬರೆದೂ ಇತ್ತು. ಬಡ್ಡಿದರದ ಅಪಾಯ ನಿಭಾಯಿಸುವುದರಲ್ಲಿ ಕೊರತೆ ಇದೆ ಎಂದು ಹೇಳಿದ ಮೇಲೆ 'ಈ ತಿಂಗಳೊಳಗೆ ಸರಿಪಡಿಸಿ, ಇಲ್ಲವಾದರೆ ಲಾಭಾಂಶ ಹಂಚುವಂತಿಲ್ಲ' ಎನ್ನುವವರು ಬೇಕಿತ್ತು.

ಸಂಜೆಓದು, ನಿಮ್ಮ ಮೂರು ಅಳತೆಗಳೂ ಬರೆದಿಟ್ಟ ನಿಯಮದ ಅಳತೆಗಳು. ನಿಯಮವನ್ನು ಜಾರಿ ಮಾಡುವ ಧೈರ್ಯಕ್ಕೆ ನಿಮ್ಮಲ್ಲಿ ಕಾಲಂ ಇಲ್ಲ.

ಶೇಷಮೊತ್ತ

ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವಿಸ್ ಬ್ಯಾಂಕನ್ನೂ ಈ ಪಟ್ಟಿಗೆ ಸೇರಿಸಿ. 2022ರ ಕೊನೆಗೆ ಅದರ ಮೂಲ ಬಂಡವಾಳ ಅನುಪಾತ ಶೇ 14.1, ನಿಯಮಕ್ಕೆ ಬೇಕಾದದ್ದಕ್ಕಿಂತ ಧಾರಾಳ. ಮೂರು ತಿಂಗಳು ಕಳೆಯುವುದರೊಳಗೆ ಅಲ್ಲಿಯದೇ ಇನ್ನೊಂದು ದೊಡ್ಡ ಬ್ಯಾಂಕಾದ ಯುಬಿಎಸ್ ಅದನ್ನು 3 ಶತಕೋಟಿ ಸ್ವಿಸ್ ಫ್ರಾಂಕಿಗೆ ಕೊಂಡಿತು, ಸುಮಾರು 16 ಶತಕೋಟಿ ಫ್ರಾಂಕ್‌ನ ಎಟಿ1 ಬಾಂಡುಗಳು (ಬ್ಯಾಂಕು ಕೆಟ್ಟರೆ ನಷ್ಟ ಹೊರುವ ಷರತ್ತಿನ ಬಾಂಡುಗಳು) ಸೊನ್ನೆಯಾದವು. ವರ್ಷಗಟ್ಟಲೆ ಹಗರಣಗಳಿಂದ ನಂಬಿಕೆ ಸೋರಿಹೋಗಿತ್ತು, ಅದನ್ನು ಅಳೆಯುವ ಅನುಪಾತ ಯಾವ ತಖ್ತೆಯಲ್ಲೂ ಇರಲಿಲ್ಲ.

ಪುಟ್ಟಬ್ಯಾಂಕು

ಬಡ್ಡಿದರದ ಮಿತಿಯ ಬಗ್ಗೆ ಯಾರೂ ಹೇಳಲಿಲ್ಲ. ಅದಕ್ಕೆ ಕೀನ್ಯಾ ನೋಡಿ. 2016ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಕಾನೂನು ಬಂತು, ಸಾಲದ ಬಡ್ಡಿ ಕೇಂದ್ರ ಬ್ಯಾಂಕಿನ ದರಕ್ಕಿಂತ ಶೇಕಡಾ 4 ಅಂಶ ಮಾತ್ರ ಹೆಚ್ಚಿರಬಹುದು ಎಂದು. ಉದ್ದೇಶ ಸಾಲಗಾರರನ್ನು ಕಾಪಾಡುವುದು. ಬ್ಯಾಂಕುಗಳು ಸರ್ಕಾರಿ ಬಾಂಡುಗಳತ್ತ ತಿರುಗಿದವು. ಅಪಾಯ ಹೆಚ್ಚಿರುವ ಸಣ್ಣ ವ್ಯಾಪಾರಿಗೆ ಆ ದರದಲ್ಲಿ ಕೊಟ್ಟರೆ ಗಿಟ್ಟುವುದಿಲ್ಲ, ಸರ್ಕಾರಕ್ಕೆ ಕೊಟ್ಟರೆ ನಿದ್ದೆ ಕೆಡುವುದಿಲ್ಲ. ಕಡಿಮೆ ಬಡ್ಡಿ ಯಾರಿಗೆ ಸಿಗಲಿ ಎಂದು ಕಾನೂನು ಮಾಡಿದರೋ ಅವರಿಗೆ ಸಾಲವೇ ಸಿಗದಂತಾಯಿತು. 2019ರ ನವೆಂಬರ್‌ನಲ್ಲಿ ಮಿತಿ ತೆಗೆದುಹಾಕಿದರು.

ಬಂಡವಾಳದ ನಿಯಮವನ್ನೂ ಬೆಲೆಗೆ ಮಿತಿ ಹಾಕುವ ನಿಯಮವನ್ನೂ 'ನಿಯಂತ್ರಣ' ಎಂಬ ಒಂದೇ ಗೋಣಿಚೀಲಕ್ಕೆ ತುಂಬಿದರೆ ಉತ್ತರ ಬರುವುದಿಲ್ಲ.

ಮೂಲಧನ

ಪೂರ್ತಿ ಒಪ್ಪಿದೆ. ಅಮೆರಿಕದ ರೆಗ್ಯುಲೇಷನ್ ಕ್ಯೂ ಇದರ ತಿರುಗಿಸಿದ ರೂಪ. 1933ರ ಕಾಯ್ದೆಯ ಬಲದಿಂದ ಠೇವಣಿಯ ಬಡ್ಡಿಗೆ ಮಿತಿ ಹಾಕಿದರು, ಬ್ಯಾಂಕುಗಳು ಪೈಪೋಟಿಯಲ್ಲಿ ಬಡ್ಡಿ ಏರಿಸಿ ಕೆಡಬಾರದೆಂದು. ಬೆಲೆಗಳು ಶಾಂತವಾಗಿದ್ದಷ್ಟು ಕಾಲ ಅದು ಬ್ಯಾಂಕುಗಳಿಗೆ ಲಾಭದಾಯಕ ರಕ್ಷಣೆಯೇ ಆಗಿತ್ತು. 1970ರ ದಶಕದಲ್ಲಿ ಹಣದುಬ್ಬರ ಏರಿದಾಗ ಠೇವಣಿದಾರರು 1971ರಲ್ಲಿ ಹುಟ್ಟಿದ ಮನಿ ಮಾರ್ಕೆಟ್ ಫಂಡುಗಳತ್ತ, ಅಂದರೆ ಜನರ ಹಣವನ್ನು ಅಲ್ಪಾವಧಿ ಸಾಲಪತ್ರಗಳಲ್ಲಿ ಹಾಕುವ ನಿಧಿಗಳತ್ತ, ಹೊರಟರು. ಅವಕ್ಕೆ ಬಡ್ಡಿಯ ಮಿತಿ ಇರಲಿಲ್ಲ. 1980ರ ಕಾಯ್ದೆಯಿಂದ ಮಿತಿಯನ್ನು ಹಂತಹಂತವಾಗಿ ತೆಗೆದರು, ಅಷ್ಟರಲ್ಲಿ ಹಣ ಬೇರೆ ದಾರಿ ಕಲಿತಾಗಿತ್ತು.

ಹಳೆಲೆಡ್ಜರ್

ಹಣ ದಾರಿ ಹುಡುಕುವುದರ ಬಗ್ಗೆ ನಾನೂ ಹೇಳಬೇಕು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವುದು ಅನ್ನುತ್ತಾರಲ್ಲ, ನಿಯಂತ್ರಕರಿಗೂ ಬ್ಯಾಂಕುಗಳಿಗೂ ಇರುವ ಸಂಬಂಧ ಅದು. 1988ರ ಬಾಸೆಲ್ ಒಪ್ಪಂದದಲ್ಲಿ ಅಪಾಯ ತೂಗಿದ ಆಸ್ತಿಯ ಶೇ 8ರಷ್ಟು ಬಂಡವಾಳ ಬೇಕು ಎಂದರು. ತೂಕ ಹೇಗೆ? ಕಂಪನಿಗೆ ಕೊಟ್ಟ ಸಾಲಕ್ಕೆ ಶೇ 100, ಮನೆ ಸಾಲಕ್ಕೆ ಶೇ 50, ಮುಂದುವರಿದ ದೇಶಗಳ ಸರ್ಕಾರಕ್ಕೆ ಕೊಟ್ಟದ್ದಕ್ಕೆ ಸೊನ್ನೆ. ಕಂಪನಿ ಬಲವಾಗಿರಲಿ ದುರ್ಬಲವಾಗಿರಲಿ ತೂಕ ಒಂದೇ. ಹಾಗಾದರೆ ಬ್ಯಾಂಕು ಏನು ಮಾಡುತ್ತದೆ? ಒಂದೇ ತೂಕದೊಳಗೆ ಹೆಚ್ಚು ಬಡ್ಡಿ ಕೊಡುವ ಸಾಲವನ್ನು, ಅಂದರೆ ಹೆಚ್ಚು ಅಪಾಯದ್ದನ್ನು, ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಒಳ್ಳೆಯ ಸಾಲಗಳನ್ನು ಕಟ್ಟು ಕಟ್ಟಿ ಹೊರಗೆ ಮಾರುತ್ತದೆ.

ಸೊನ್ನೆ ತೂಕದ ಕಥೆ ಗ್ರೀಸಿನಲ್ಲಿ ಮುಗಿಯಿತು. ಗ್ರೀಸ್ ಸರ್ಕಾರದ ಬಾಂಡಿಗೆ ಬಂಡವಾಳವೇ ಬೇಡ ಎಂಬಂತೆ ಯೂರೋಪಿನ ಬ್ಯಾಂಕುಗಳು ತುಂಬಿಸಿಕೊಂಡಿದ್ದವು. 2012ರಲ್ಲಿ ಸಾಲ ಕೊಟ್ಟಿದ್ದ ಖಾಸಗಿಯವರು ಮುಖಬೆಲೆಯ ಶೇ 53.5 ಬಿಟ್ಟುಕೊಡಬೇಕಾಯಿತು. ಸೈಪ್ರಸ್‌ನ ದೊಡ್ಡ ಬ್ಯಾಂಕುಗಳ ಬೆನ್ನು ಮುರಿದದ್ದರಲ್ಲಿ ಆ ಪೆಟ್ಟಿನ ಪಾಲು ದೊಡ್ಡದು. 2013ರಲ್ಲಿ ಅಲ್ಲಿ ವಿಮೆ ಮಿತಿ ಮೀರಿದ ಠೇವಣಿದಾರರು ನಷ್ಟ ಹೊತ್ತರು. ಅಪಾಯವಿಲ್ಲ ಎಂದು ನಿಯಮವೇ ಹೇಳಿದ ಆಸ್ತಿ ಬ್ಯಾಂಕನ್ನು ಕೊಂದಿತು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸೊನ್ನೆ ಎಂದು ಬರೆದವರು ಸರ್ಕಾರಗಳು, ಆ ಸೊನ್ನೆಯಿಂದ ಅಗ್ಗದ ಸಾಲ ಪಡೆದವರೂ ಸರ್ಕಾರಗಳೇ.

ತಕ್ಕಡಿ

ಇದು ಗಟ್ಟಿಯಾದ ಅಂಶ. ನಿಯಂತ್ರಕ ತಾನೇ ಸಾಲಗಾರನೂ ಆಗಿದ್ದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ನನ್ನ ವಾದ ಸ್ವಲ್ಪ ತಿದ್ದಿಕೊಳ್ಳುತ್ತೇನೆ. ನಿಯಮ ಹೆಚ್ಚಿದ್ದರೆ ಒಳ್ಳೆಯದು ಎಂದಲ್ಲ.

ಎರಡನೇಕಣ್ಣು

ಕೆಟ್ಟ ನಿಯಮದಿಂದ ಬ್ಯಾಂಕುಗಳು ಸತ್ತದ್ದಕ್ಕೆ ಇನ್ನೂ ಹಳೆಯ ಸಾಕ್ಷಿ ಇದೆ. 1930ರಿಂದ 1933ರವರೆಗೆ ಅಮೆರಿಕದಲ್ಲಿ ಸುಮಾರು 9,000 ಬ್ಯಾಂಕುಗಳು ಬಿದ್ದವು. ಪಕ್ಕದ ಕೆನಡಾದಲ್ಲಿ ಆ ವರ್ಷಗಳಲ್ಲಿ ಒಂದೂ ಬೀಳಲಿಲ್ಲ. ಆರ್ಥಿಕ ಕುಸಿತ ಎರಡೂ ಕಡೆ ಭೀಕರವಾಗಿತ್ತು. ದೊಡ್ಡ ವ್ಯತ್ಯಾಸ ಶಾಖೆಗಳದ್ದು. ಅಮೆರಿಕದ ಹಲವು ರಾಜ್ಯಗಳ ಕಾನೂನು ಬ್ಯಾಂಕಿಗೆ ಒಂದೇ ಕಚೇರಿ ಸಾಕು ಎನ್ನುತ್ತಿತ್ತು, ಶಾಖೆ ತೆರೆಯಲು ಬಿಡುತ್ತಿರಲಿಲ್ಲ. ಆ ಜಾಗದ ಬೆಳೆ ಕೈಕೊಟ್ಟರೆ ಬ್ಯಾಂಕೂ ಕೈಕೊಟ್ಟಂತೆ. ಕೆನಡಾದ ಕೆಲವೇ ಬ್ಯಾಂಕುಗಳು ದೇಶದ ಉದ್ದಗಲಕ್ಕೆ ಶಾಖೆ ಹರಡಿದ್ದವು, ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಗಳಿಕೆ ಹೊತ್ತಿತು.

1970ರ ದಶಕದಿಂದ ಅಮೆರಿಕದ ರಾಜ್ಯಗಳು ಒಂದೊಂದಾಗಿ ಶಾಖೆ ನಿರ್ಬಂಧ ತೆಗೆದವು. ಒಂದೇ ವರ್ಷ ಅಲ್ಲ, ಬೇರೆ ಬೇರೆ ವರ್ಷ. ಜಯರತ್ನೆ ಮತ್ತು ಸ್ಟ್ರಾಹನ್ ಇದನ್ನೇ ಹಿಡಿದು 1996ರಲ್ಲಿ ಅಧ್ಯಯನ ಮಾಡಿದರು. ನಿರ್ಬಂಧ ತೆಗೆದ ರಾಜ್ಯಗಳಲ್ಲಿ ಆರ್ಥಿಕ ಬೆಳವಣಿಗೆ ಹೆಚ್ಚಿತು. ಅದಕ್ಕೆ ಕಾರಣ ಸಾಲದ ಮೊತ್ತ ಏರಿದ್ದಕ್ಕಿಂತ ಸಾಲದ ಗುಣಮಟ್ಟ ಸುಧಾರಿಸಿದ್ದು. ಹಳೆಲೆಡ್ಜರ್ ಸರ್ ಹೇಳಿದ 'ಸಾಲ ಅಳೆಯುವ ಕಣ್ಣು' ಅಂಕಿಅಂಶದಲ್ಲಿ ಕಾಣುವುದಿಲ್ಲ ಎಂದರಲ್ಲ, ಇಲ್ಲಿ ಕಂಡಿದೆ.

ಸಂಜೆಓದು

ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಒಂದು ಸಂದೇಹ. ಬಂಡವಾಳದ ನಿಯಮ ಒಳ್ಳೆಯದೇ ಅಂದುಕೊಳ್ಳೋಣ. ಆದರೂ ನಿಯಮ ಬಿಗಿಯಾದ ಕೂಡಲೇ ಬ್ಯಾಂಕುಗಳು ಸಾಲ ಕೊಡುವುದನ್ನು ಕಡಿಮೆ ಮಾಡುತ್ತವೆ ಎಂದು ಓದಿದೆ. ಅದು ನಿಜವೇ?

ಮೂಲಧನ

ನಿಜವಾಗಬಹುದು, ಆದರೆ ನಿಯಮವನ್ನು ಹೇಗೆ ಕೇಳಿದರು ಎಂಬುದರ ಮೇಲೆ ನಿಂತಿದೆ. ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಹೋಲಿಕೆ ಇದು, ಸ್ವಲ್ಪ ಉದ್ದ ಬರೆಯುತ್ತೇನೆ.

ಬಂಡವಾಳ ಅನುಪಾತ ಒಂದು ಭಾಗಾಕಾರ. ಮೇಲೆ ಸ್ವಂತ ಬಂಡವಾಳ, ಕೆಳಗೆ ಅಪಾಯ ತೂಗಿದ ಆಸ್ತಿ. ಶೇ 9 ತಲುಪು ಎಂದರೆ ಬ್ಯಾಂಕಿಗೆ ಎರಡು ದಾರಿ. ಹೊಸ ಷೇರು ಮಾರಿ ಮೇಲಿನದನ್ನು ಹೆಚ್ಚಿಸಬಹುದು, ಅಥವಾ ಸಾಲ ಕೊಡುವುದನ್ನು ನಿಲ್ಲಿಸಿ ಕೆಳಗಿನದನ್ನು ಇಳಿಸಬಹುದು. ಹೊಸ ಷೇರು ಮಾರಿದರೆ ಹಳೆಯ ಷೇರುದಾರರ ಪಾಲು ಕರಗುತ್ತದೆ, ಅವರಿಗೆ ಅದು ಬೇಡ. ಸಾಲ ಕಡಿತ ಅವರಿಗೆ ಅಷ್ಟು ನೋಯುವುದಿಲ್ಲ.

2011ರ ಕೊನೆಯಲ್ಲಿ ಯೂರೋಪಿಯನ್ ಬ್ಯಾಂಕಿಂಗ್ ಪ್ರಾಧಿಕಾರ ಆಯ್ದ ದೊಡ್ಡ ಬ್ಯಾಂಕುಗಳಿಗೆ 2012ರ ಜೂನ್ ಒಳಗೆ ಶೇ 9 ತಲುಪಿ ಎಂದಿತು. ನಂತರದ ಅಧ್ಯಯನದಲ್ಲಿ ಕಂಡದ್ದು, ಆ ಬ್ಯಾಂಕುಗಳು ಅನುಪಾತ ಏರಿಸಿದ್ದು ಬಹುಪಾಲು ಸಾಲ ಕಡಿತದಿಂದ. ಅವರನ್ನೇ ನಂಬಿದ್ದ ಕಂಪನಿಗಳ ಹೂಡಿಕೆಯೂ ಕುಗ್ಗಿತು.

2009ರ ಅಮೆರಿಕದ ಒತ್ತಡ ಪರೀಕ್ಷೆ ನೋಡಿ, ಅಂದರೆ ಆರ್ಥಿಕತೆ ಇನ್ನಷ್ಟು ಕೆಟ್ಟರೆ ಬ್ಯಾಂಕು ತಡೆದೀತೇ ಎಂಬ ಲೆಕ್ಕ. 19 ದೊಡ್ಡ ಬ್ಯಾಂಕುಗಳನ್ನು ಪರೀಕ್ಷಿಸಿ ಮೇ ತಿಂಗಳಲ್ಲಿ ಫಲಿತಾಂಶ ಪ್ರಕಟಿಸಿದರು. 10 ಬ್ಯಾಂಕುಗಳಿಗೆ ಒಟ್ಟು ಸುಮಾರು 75 ಶತಕೋಟಿ ಡಾಲರ್ ಕೊರತೆ. ಕೇಳಿದ್ದು ಅನುಪಾತವಲ್ಲ, ಮೊತ್ತ. ಇಷ್ಟು ಡಾಲರ್ ತನ್ನಿ, ಮಾರುಕಟ್ಟೆಯಲ್ಲಿ ಸಿಗದಿದ್ದರೆ ಸರ್ಕಾರ ಕೊಟ್ಟು ಪಾಲು ಪಡೆಯುತ್ತದೆ ಎಂದರು. ಮೊತ್ತ ಕೇಳಿದಾಗ ಸಾಲ ಕಡಿತ ಮಾಡಿ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಬ್ಯಾಂಕುಗಳು ಬಂಡವಾಳ ತಂದವು.

ಎರಡೂ 'ಬಂಡವಾಳ ಬಿಗಿ ಮಾಡಿದ ನಿಯಂತ್ರಣ'ವೇ. ಪರಿಣಾಮ ಮಾತ್ರ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಇದನ್ನು ನಿಮ್ಮ ಪ್ರಬಂಧದಲ್ಲಿ ಒಂದು ಅಧ್ಯಾಯವಾಗಿ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಹಳೆಲೆಡ್ಜರ್

ಮೊತ್ತ ಕೇಳುವುದು ಸರಿ, ಆದರೆ ಕೊರತೆ ಎಷ್ಟು ಎಂದು ತಿಳಿಯಬೇಕಾದರೆ ಕೆಟ್ಟ ಸಾಲವನ್ನು ಕೆಟ್ಟದ್ದು ಎಂದು ಬರೆದಿರಬೇಕು. ಅಲ್ಲೇ ಎಲ್ಲ ಕೆಡುವುದು. ನಾನು ದುಡಿದ ಜಾಗವೊಂದರಲ್ಲಿ ತ್ರೈಮಾಸಿಕದ ಕೊನೆಯ ವಾರ ಹಳೆಯ ಸಾಲ ತೀರಿಸಲು ಹೊಸ ಸಾಲ ಕೊಡುವ ಪದ್ಧತಿ ಇತ್ತು. ಕಂತು ಬಂದಂತೆ ಕಾಣುತ್ತದೆ, ಖಾತೆ ಹಸಿರಾಗಿ ಉಳಿಯುತ್ತದೆ. ಸಹಿ ಹಾಕಲಾರೆ ಎಂದದ್ದಕ್ಕೆ ನನ್ನನ್ನು ಬೇರೆ ವಿಭಾಗಕ್ಕೆ ಕಳಿಸಿದರು. ಆ ಪುಸ್ತಕಗಳಲ್ಲಿ ಆ ವರ್ಷ ಸಾಧನೆ ಬಹಳ ಚೆನ್ನಾಗಿತ್ತು. ಇಂದಿಗೂ ಆ ಅಂಕಿಗಳು ಯಾವುದೋ ದತ್ತಾಂಶದಲ್ಲಿ ಕುಳಿತಿರುತ್ತವೆ, ನಿಮ್ಮಂಥ ವಿದ್ಯಾರ್ಥಿ ಅವನ್ನು ನಂಬಿ ಲೆಕ್ಕ ಮಾಡುತ್ತಾನೆ.

ನಿಯಂತ್ರಕರು ಕಣ್ಣು ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ 1990ರ ದಶಕದ ಜಪಾನ್ ಸಾಕು. ಆಸ್ತಿ ಬೆಲೆ ಕುಸಿದ ಮೇಲೆ ಬ್ಯಾಂಕುಗಳು ಸತ್ತ ಕಂಪನಿಗಳಿಗೆ ಸಾಲ ಉಣಿಸುತ್ತ ಹೋದವು, ನಷ್ಟ ಒಪ್ಪಿಕೊಳ್ಳದಿರಲು. ಬದುಕಬಲ್ಲ ಕಂಪನಿಗಳಿಗೆ ಹೋಗಬೇಕಾದ ಹಣ ಅಲ್ಲಿ ಸಿಕ್ಕಿಬಿತ್ತು. ಠೇವಣಿ ಪಡೆದು ಮುಖ್ಯವಾಗಿ ಮನೆ ಸಾಲ ಕೊಡುತ್ತಿದ್ದ ಅಮೆರಿಕದ ಸೇವಿಂಗ್ಸ್ ಅಂಡ್ ಲೋನ್ ಸಂಸ್ಥೆಗಳನ್ನು 1980ರ ದಶಕದಲ್ಲಿ ದಿವಾಳಿಯಾದ ಮೇಲೂ ನಡೆಯಲು ಬಿಟ್ಟರು, ಕೊನೆಗೆ ತೆರಿಗೆದಾರರ ಮೇಲೆ ಬಿದ್ದ ಹೊರೆ ಸುಮಾರು 124 ಶತಕೋಟಿ ಡಾಲರ್.

ಶೇಷಮೊತ್ತ

ಇದಕ್ಕೆ ಭಾರತದ ಉದಾಹರಣೆಯೂ ಹೊಂದುತ್ತದೆ. 2015ರಲ್ಲಿ ರಿಸರ್ವ್ ಬ್ಯಾಂಕು ಆಸ್ತಿ ಗುಣಮಟ್ಟ ಪರಿಶೀಲನೆ ಮಾಡಿಸಿತು, ಅಂದರೆ ಕೆಟ್ಟ ಸಾಲವನ್ನು ಕೆಟ್ಟದ್ದೆಂದೇ ಬರೆಸಿತು. ಬ್ಯಾಂಕುಗಳ ಒಟ್ಟು ಎನ್‌ಪಿಎ (ಕಂತು ಬಾರದೆ ನಿಂತ ಸಾಲ) ಪ್ರಮಾಣ 2018ರ ಮಾರ್ಚ್‌ಗೆ ಶೇ 11 ದಾಟಿತು. ನಿಯಂತ್ರಣ ಬಿಗಿಯಾಯಿತು, ಸಾಧನೆ ಕುಸಿಯಿತು ಎಂದು ಅಂಕಿ ತುಂಬಿದ ಲೆಕ್ಕದ ಯಂತ್ರ ಹೇಳುತ್ತದೆ. ಕುಸಿದದ್ದು ಮುಂಚೆಯೇ, ಆ ವರ್ಷ ಲೆಕ್ಕಕ್ಕೆ ಬಂತು ಅಷ್ಟೆ. 2024ರ ಮಾರ್ಚ್‌ಗೆ ಆ ಪ್ರಮಾಣ ಶೇ 3ಕ್ಕಿಂತ ಕೆಳಗೆ ಬಂತು. ಅದರಲ್ಲಿ ಪುಸ್ತಕದಿಂದ ತೆಗೆದುಹಾಕಿದ ಸಾಲಗಳ ಪಾಲೂ ದೊಡ್ಡದಿದೆ, ಎಲ್ಲವೂ ವಸೂಲಾದದ್ದಲ್ಲ ಎಂಬುದು ನೆನಪಿರಲಿ.

ಪುಟ್ಟಬ್ಯಾಂಕು

ಅದೇ ದೇಶದ ಇನ್ನೊಂದು ನಿಯಮ. 1977ರಿಂದ 1990ರವರೆಗೆ, ಈಗಾಗಲೇ ಬ್ಯಾಂಕಿರುವ ಜಾಗದಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕೇ ಇಲ್ಲದ ಜಾಗಗಳಲ್ಲಿ ನಾಲ್ಕು ತೆರೆಯಬೇಕಿತ್ತು. ಬರ್ಜೆಸ್ ಮತ್ತು ಪಾಂಡೆ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗ್ರಾಮೀಣ ಬಡತನ ಇಳಿಯಲು ಅದು ನೆರವಾಯಿತು ಎಂದು ಕಂಡಿದೆ. ಆ ಶಾಖೆಗಳ ಸಾಲ ವಸೂಲಿ ಮಾತ್ರ ಕಳಪೆಯಾಗಿತ್ತು. ಬ್ಯಾಂಕಿನ ಲಾಭ ಮಾತ್ರ ಸಾಧನೆಯಾದರೆ ನಿಯಮ ಸೋತಿತು. ನನ್ನ ಮಟ್ಟಿಗೆ ಹಾಗೆ ಬರೆಯಲು ಕೈ ಏಳುವುದಿಲ್ಲ.

ಸಂಜೆಓದು

ಇಷ್ಟನ್ನು ಓದಿ ಯೋಜನೆ ಬದಲಿಸಿದ್ದೇನೆ. ಆರ್‌ಒಇ ಬದಲು ಆರ್‌ಒಎ ಮತ್ತು ಸಾಲ ನಷ್ಟ. ಬಂಡವಾಳ, ಬೆಲೆ ಮಿತಿ, ಚಟುವಟಿಕೆ ನಿರ್ಬಂಧ ಬೇರೆ ಬೇರೆ. ಜಾರಿಯ ಗುಣಮಟ್ಟಕ್ಕೆ ಏನು ಹಾಕಲಿ?

ಎರಡನೇಕಣ್ಣು

ಬಾರ್ತ್, ಕ್ಯಾಪ್ರಿಯೊ ಮತ್ತು ಲೆವಿನ್ 107 ದೇಶಗಳ ಬ್ಯಾಂಕ್ ನಿಯಮಗಳ ಮಾಹಿತಿ ಕಲೆಹಾಕಿ 2004ರಲ್ಲಿ ಪ್ರಕಟಿಸಿದ ಕೆಲಸದಿಂದ ಶುರು ಮಾಡಿ. ಮೇಲ್ವಿಚಾರಕರ ಅಧಿಕಾರ ಎಷ್ಟು, ಮಾಹಿತಿ ಎಷ್ಟು ಬಹಿರಂಗವಾಗಬೇಕು, ಯಾವ ಚಟುವಟಿಕೆಗೆ ತಡೆ ಇದೆ ಎಲ್ಲ ಬೇರೆ ಬೇರೆ ಅಳೆದಿದ್ದಾರೆ. ಅವರು ಕಂಡದ್ದು, ಅಧಿಕಾರಿಗಳ ಕೈಗೆ ಹೆಚ್ಚು ಅಧಿಕಾರ ಕೊಟ್ಟ ಮಾತ್ರಕ್ಕೆ ಬ್ಯಾಂಕುಗಳು ಸುಧಾರಿಸಲಿಲ್ಲ. ನಿಖರ ಮಾಹಿತಿ ಹೊರಗೆ ಬರುವಂತೆ ಮಾಡಿ, ಹೂಡಿಕೆದಾರರು ಬ್ಯಾಂಕನ್ನು ಪ್ರಶ್ನಿಸಲು ಅನುವು ಮಾಡಿಕೊಟ್ಟ ದೇಶಗಳಲ್ಲಿ ಸ್ಥಿತಿ ಮೇಲು.

ಒಂದು ಎಚ್ಚರಿಕೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ನಿಯಮಗಳು ಬರುವುದೇ ಬಿಕ್ಕಟ್ಟಿನ ನಂತರ. ಜರ್ಮನಿಯ ಹೆರ್‌ಸ್ಟಾಟ್ ಬ್ಯಾಂಕು 1974ರ ಜೂನ್‌ನಲ್ಲಿ ಬಿದ್ದ ಮೇಲೆ ಬಾಸೆಲ್ ಸಮಿತಿ ಹುಟ್ಟಿತು, 2008ರ ನಂತರ ಮೂರನೇ ಬಾಸೆಲ್ ಬಂತು. ಹಾಗಾಗಿ ನಿಯಮ ಬಿಗಿಯಾದ ವರ್ಷಗಳಲ್ಲಿ ಲಾಭ ಕಡಿಮೆ ಇರುವುದು ಸಹಜ, ಕಾರಣ ನಿಯಮವೇ ಆಗಬೇಕಿಲ್ಲ. ಅಮೆರಿಕದ ರಾಜ್ಯಗಳಂತೆ ಬೇರೆ ಬೇರೆ ವರ್ಷ ನಿಯಮ ಬದಲಾದ ಸಂದರ್ಭ ಹುಡುಕಿ, ಬದಲಾಗದವರ ಜೊತೆ ಹೋಲಿಸಿ.

ಮೂಲಧನ

ಕೊನೆಯದಾಗಿ ನಾನೊಂದು ಕೇಳಬೇಕು. ನಿಮ್ಮ ಪಟ್ಟಿಯ ಬ್ಯಾಂಕುಗಳನ್ನು ಹೇಗೆ ಆರಿಸಿದಿರಿ?

ಸಂಜೆಓದು

ಸದ್ಯ ನಡೆಯುತ್ತಿರುವ ಬ್ಯಾಂಕುಗಳ ಪಟ್ಟಿ ತೆಗೆದುಕೊಂಡು, ಕಳೆದ ಹದಿನೈದು ವರ್ಷಗಳ ವಾರ್ಷಿಕ ವರದಿಗಳನ್ನು ಸೇರಿಸಿದ್ದೇನೆ ಸರ್.

ಮೂಲಧನ

ಹಾಗಾದರೆ ನಾನು ಮೊದಲು ಹೇಳಿದ 5 ಬಂಡವಾಳದ ಬ್ಯಾಂಕು ಮುಳುಗಿದ್ದರೆ ನಿಮ್ಮ ಪಟ್ಟಿಯಲ್ಲಿ ಅದು ಇರುವುದೇ ಇಲ್ಲ. ಅದರಂತೆಯೇ ತೆಳ್ಳಗಿನ ಬಂಡವಾಳ ಇಟ್ಟು ಅದೃಷ್ಟದಿಂದ ಪಾರಾದವು ಮಾತ್ರ ಇರುತ್ತವೆ, ಶೇ 20 ತೋರಿಸುತ್ತ. ನೀವು ಓದಿದ ಎರಡು ಲೇಖನಗಳಲ್ಲಿ ಮುಚ್ಚಿದ ಬ್ಯಾಂಕುಗಳನ್ನು ಯಾರು ಸೇರಿಸಿದ್ದಾರೆ, ಯಾರು ಬಿಟ್ಟಿದ್ದಾರೆ ಇಂದು ರಾತ್ರಿ ನೋಡಿ.

ಸಂಜೆಓದು

ನೋಡಿದೆ. ಲಾಭ ಇಳಿಯುತ್ತದೆ ಎಂದ ಲೇಖನದಲ್ಲಿ, 'ಅಧ್ಯಯನದ ಎಲ್ಲ ವರ್ಷಗಳಲ್ಲೂ ಮಾಹಿತಿ ಲಭ್ಯವಿರುವ ಬ್ಯಾಂಕುಗಳನ್ನು ಮಾತ್ರ ಪರಿಗಣಿಸಲಾಗಿದೆ' ಎಂದು ಒಂದು ಸಾಲು ಇದೆ. ಮೂರು ಸಲ ಓದಿದ್ದೆ, ಆ ಸಾಲಿನ ಅರ್ಥ ಹೊಳೆದಿರಲಿಲ್ಲ. ಇನ್ನೊಂದರಲ್ಲಿ ವಿಲೀನವಾದವೂ ಮುಚ್ಚಿದವೂ ಕೊನೆಯ ವರದಿಯ ವರ್ಷದವರೆಗೆ ಇವೆ. ಮುಚ್ಚಿದ ಬ್ಯಾಂಕುಗಳ ಹಳೆಯ ವರದಿಗಳು ಎಲ್ಲಿ ಸಿಗುತ್ತವೆ ಎಂದು ಗೊತ್ತಿರುವವರು ದಯವಿಟ್ಟು ಹೇಳಿ, ನಾಳೆಯಿಂದ ಅದೇ ಕೆಲಸ.

ಹಳೆಲೆಡ್ಜರ್

ದಿವಾಳಿ ಪ್ರಕ್ರಿಯೆ ನಡೆಸಿದ ಅಧಿಕಾರಿಯ ವರದಿಗಳನ್ನು ನ್ಯಾಯಾಲಯದ ದಾಖಲೆಗಳಲ್ಲಿ ಹುಡುಕಿ. ಠೇವಣಿ ವಿಮಾ ಸಂಸ್ಥೆಗಳ ವಾರ್ಷಿಕ ವರದಿಗಳಲ್ಲೂ ಮುಚ್ಚಿದ ಬ್ಯಾಂಕುಗಳ ಪಟ್ಟಿ ಇರುತ್ತದೆ. ಸಿಕ್ಕ ಮೇಲೆ ಕೊನೆಯ ಎರಡು ವರ್ಷಗಳ ಎನ್‌ಪಿಎಯನ್ನೂ ದಿವಾಳಿಯ ನಂತರ ನಿಜವಾಗಿ ವಸೂಲಾದದ್ದನ್ನೂ ಅಕ್ಕಪಕ್ಕ ಇಟ್ಟು ಇಲ್ಲಿ ಹಾಕಿ. ನಾನು ಒಂದೊಂದಾಗಿ ಓದಿ ನೋಡುತ್ತೇನೆ.